ಅಣ್ಣನ ಕಿವಿ ಸರಿಯಿತ್ತು

ನನ್ನ ಅಣ್ಣನ ಕಿವಿ ಹೋಗಿರಲಿಲ್ಲ. ಹೋಗಿದೆ ಎಂದವನು ನಾನು. ಏಳೆಂಟು ಜನರ ಮುಂದೆ ಅಂದೆ, ಸುಳ್ಳೆಂದು ಗೊತ್ತಿದ್ದೇ ಅಂದೆ. ಅದನ್ನು ತಿದ್ದಿಕೊಳ್ಳಲು ಒಂದೂವರೆ ತಿಂಗಳ ನಂತರ ಅವಕಾಶ ತಾನಾಗಿ ಬಂತು — ಅಣ್ಣನೇ ಬಂದು ಕೇಳಿದ — ಆಗಲೂ ಸುಳ್ಳನ್ನೇ ಹೇಳಿದೆ. ಅವನು ತೀರಿಕೊಂಡು ಈಗ ಎರಡು ತಿಂಗಳು ದಾಟಿದೆ. ಅವನ ಮುಖ ನೋಡಿ ಹೇಳಬೇಕಾಗಿದ್ದ ಮಾತನ್ನು ಕಾಗದದ ಮೇಲೆ ಬರೆಯುತ್ತಿದ್ದೇನೆ. ಇದರಿಂದ ಅವನಿಗೆ ಏನೂ ಆಗಬೇಕಾದ್ದಿಲ್ಲ ಎಂಬುದು ನನಗೆ ತಿಳಿದಿದೆ.

ನಾನು ಓದಿದ್ದು ಪಿಯುಸಿವರೆಗೆ. ಬರೆದು ಅಭ್ಯಾಸವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಡುವೆ ಗಾಡಿಯ ವಿಷಯ ಒಂದಿಷ್ಟು ಬರುತ್ತದೆ. ಅದನ್ನು ಬಿಟ್ಟು ಹೇಳಿದರೆ ನನ್ನ ತಪ್ಪು ಚಿಕ್ಕದಾಗಿ ಕಾಣುತ್ತದೆ.

ನಂಜನಗೂಡಿನಲ್ಲಿ ಟ್ಯಾಕ್ಸಿ ಸ್ಟ್ಯಾಂಡಿಗೆ ಎದುರಾಗಿ ನಮ್ಮದೊಂದು ಗ್ಯಾರೇಜು. ತಗಡಿನ ಮಾಡು, ಗಾಡಿಯ ಅಡಿಗೆ ಇಳಿಯಲು ಒಂದು ಗುಂಡಿ, ಎರಡು ಗಾಡಿ ನಿಲ್ಲುವಷ್ಟು ಜಾಗ. ಅಣ್ಣ ರಾಚಪ್ಪ ನನಗಿಂತ ಹದಿನಾಲ್ಕು ವರ್ಷ ದೊಡ್ಡವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಲಾರಿ ಗ್ಯಾರೇಜು ಸೇರಿದವನು, ಮೂವತ್ತರ ಹೊತ್ತಿಗೆ ಸ್ವಂತ ಗ್ಯಾರೇಜು ಮಾಡಿದ. ನನ್ನನ್ನು ಓದಿಸಿದ್ದೂ ಅವನೇ, ಓದು ಹತ್ತದಾದಾಗ ಪಕ್ಕಕ್ಕೆ ನಿಲ್ಲಿಸಿಕೊಂಡು ಸ್ಪ್ಯಾನರ್ ಹಿಡಿಸಿದ್ದೂ ಅವನೇ.

ಅಣ್ಣ ಕೆಲಸ ಮಾಡುತ್ತಿದ್ದುದು ಕಿವಿಯಿಂದ. ಮರದ ಹಿಡಿಯ ಒಂದು ಉದ್ದನೆಯ ಸ್ಕ್ರೂಡ್ರೈವರ್ ಇತ್ತು. ಅದರ ತುದಿಯನ್ನು ಓಡುತ್ತಿರುವ ಇಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಎರಡನೇ ಸಿಲಿಂಡರ್, ಮೂರನೆಯದು, ಇಲ್ಲಿ ಬೇರಿಂಗ್, ಅಲ್ಲಿ ಚೈನು — ಬಿಚ್ಚಿ ನೋಡಿದರೆ ಅವನು ಹೇಳಿದ್ದೇ ಇರುತ್ತಿತ್ತು. ರಸ್ತೆಗೆ ಬೆನ್ನು ಮಾಡಿ ಟೀ ಕುಡಿಯುತ್ತಿದ್ದರೂ ಹಿಂದೆ ಹೋದ ಗಾಡಿ ಯಾರದು ಎಂದು ಹೇಳುತ್ತಿದ್ದ. ಸ್ಟ್ಯಾಂಡಿನ ಡ್ರೈವರುಗಳು ಇದನ್ನು ಆಟ ಮಾಡಿಕೊಂಡಿದ್ದರು.

“ರಾಚಣ್ಣ, ತಿರುಗ್‌ಬ್ಯಾಡ. ಈಗ ಓಯ್ತಲ್ಲ ಯಾರ ಗಾಡಿ?”

“ನಾಗೇಂದ್ರಂದು. ವಾಟರ್ ಪಂಪ್ ಇನ್ನೊಂದು ವಾರಕ್ಕೆ ಕೈ ಕೊಡ್ತದೆ, ಯೋಳ್ಬುಡು ಅವಂಗೆ.”

“ಅವನೆಂಡ್ತಿ ಜೊತೆ ಜಗಳ ಆಡ್ಕಂಡು ಬಂದವ್ನಾ ಇಲ್ವಾ, ಅದ ಯೋಳು.”

“ಆಡವ್ನೆ. ಕ್ಲಚ್ಚು ತುಳಿಯೋದ್ರಲ್ಲೇ ಗೊತ್ತಾಯ್ತದೆ.”

ಅವನಿಗೆ ಇದ್ದ ಹೆಮ್ಮೆ ಅದೊಂದೇ. ಹೊಲ ಇರಲಿಲ್ಲ, ಒಳ್ಳೆಯ ಮನೆ ಇರಲಿಲ್ಲ, ಇಂಗ್ಲಿಷ್ ಅಕ್ಷರ ಓದಲು ಬರುತ್ತಿರಲಿಲ್ಲ. ಕಿವಿ ಇತ್ತು.

ಹೊಸ ಗಾಡಿಗಳು ಬಂದ ಮೇಲೆ ನಾನು ಮೈಸೂರಿನಲ್ಲಿ ಹತ್ತು ದಿನದ ತರಬೇತಿಗೆ ಹೋದೆ. ಬರುವಾಗ ಒಂದು ಸ್ಕ್ಯಾನರ್ ತಂದೆ. ಗಾಡಿಯ ಕಂಪ್ಯೂಟರಿಗೆ ಅದನ್ನು ಸಿಕ್ಕಿಸಿದರೆ ಎಲ್ಲಿ ದೋಷ ಎಂದು ಪರದೆಯ ಮೇಲೆ ಬರುತ್ತದೆ. ಕೆಲವು ಗಿರಾಕಿಗಳು ಮೊದಲ ಸಲ ನನ್ನ ಹೆಸರು ಕರೆದುಕೊಂಡು ಒಳಗೆ ಬಂದರು. “ಕುಮಾರ ಅವ್ನಾ?” ಎಂದು ಕೇಳುವವರಾದರು. ಅಲ್ಲಿಯವರೆಗೆ ನಾನು ರಾಚಣ್ಣನ ತಮ್ಮ ಅಷ್ಟೇ. ಹೆಸರು ಕರೆಸಿಕೊಳ್ಳುವುದು ನನಗೆ ಹಿತವಾಗಿತ್ತು. ಇದನ್ನು ಮುಚ್ಚಿಡುವುದಿಲ್ಲ — ಮುಂದೆ ನಾನು ಮಾಡಿದ್ದರಲ್ಲಿ ಇದರ ಪಾಲೂ ಇದೆ.

ಐದು ವರ್ಷದ ಹಿಂದೆ, ಬೇಸಿಗೆಯಲ್ಲಿ, ಕಳಲೆಯ ನಿಂಗರಾಜು ತನ್ನ ಏಳು ಸೀಟಿನ ಪೆಟ್ರೋಲ್ ಟ್ಯಾಕ್ಸಿ ತಂದ. ಇಂಜಿನ್ ದೀಪ ಆರುತ್ತಿಲ್ಲ, ಗುಂಡ್ಲುಪೇಟೆ ದಾಟಿ ಬೆಟ್ಟ ಹತ್ತುವಾಗ ಗಾಡಿ ಎಳೆಯುವುದಿಲ್ಲ, ಪೆಟ್ರೋಲು ಜಾಸ್ತಿ ಕುಡಿಯುತ್ತದೆ ಎಂದ. ಸ್ಕ್ಯಾನರ್ ಹಾಕಿದೆ. ನಾಕ್ ಸೆನ್ಸರ್ ಕೆಟ್ಟಿದೆ ಎಂದು ಬಂತು.

ಮಾರನೆಯ ದಿನ ಮೈಸೂರಿನಿಂದ ಹೊಸದು ತರಿಸಿ ಅಣ್ಣನ ಕೈಯಲ್ಲಿಟ್ಟೆ. ಅವನು ಅದನ್ನು ಅತ್ತಿತ್ತ ತಿರುಗಿಸಿ ನೋಡಿದ.

“ಇದೇನ್ಲಾ ಇದು, ಉದ್ದಿನ ವಡೆ ಇದ್ದಂಗದೆ.”

“ಇಂಜಿನ್ನಿನ ಕಿವಿ ಕಣಣ್ಣ.”

“ಅದ್ಕೂ ಕಿವಿ ಮಡಗ್ಬುಟ್ರಾ? ಅಂಗಾರೆ ನನ್ ಕೆಲ್ಸ ಓಯ್ತು ಅನ್ನು.”

ನಗುತ್ತಲೇ ಅಂದ. ಆಮೇಲೆ ಕೂತು, ಅದು ಹೇಗೆ ಕೇಳುತ್ತದೆ ಎಂದು ವಿಚಾರಿಸಿದ. ನನಗೆ ಗೊತ್ತಿದ್ದಷ್ಟು ಹೇಳಿದೆ. ಸಿಲಿಂಡರಿನೊಳಗೆ ಪೆಟ್ರೋಲು ಕಿಡಿಯಿಂದ ಹೊತ್ತಿ ಹದವಾಗಿ ಉರಿಯಬೇಕು. ಬಿಸಿ ಹೆಚ್ಚಾಗಿಯೋ ಭಾರಕ್ಕೋ ಅದರಲ್ಲಿ ಒಂದು ಪಾಲು ತಾನಾಗಿಯೇ ಸಿಡಿದರೆ ಪಿಸ್ಟನ್ನಿನ ತಲೆಗೆ ಸುತ್ತಿಗೆ ಏಟು ಬಿದ್ದ ಹಾಗಾಗುತ್ತದೆ. ಅದೇ ನಾಕಿಂಗ್, ನಮ್ಮ ಕಡೆ ಕುಟ್ಟುವುದು ಎನ್ನುತ್ತಾರೆ. ಸೆನ್ಸರಿನೊಳಗೆ ಒಂದು ಹರಳಿದೆ. ಇಂಜಿನ್ನಿನ ಮೈ ಆ ಏಟಿಗೆ ನಡುಗಿದರೆ ಹರಳು ಸಣ್ಣ ಕರೆಂಟು ಕೊಡುತ್ತದೆ. ಕಂಪ್ಯೂಟರ್ ಕೂಡಲೇ ಕಿಡಿಯನ್ನು ಒಂದಿಷ್ಟು ತಡಮಾಡಿ ಕೊಟ್ಟು ಇಂಜಿನ್ನನ್ನು ಉಳಿಸುತ್ತದೆ. ಸೆನ್ಸರ್ ಸತ್ತಿದೆ ಎಂದು ಗೊತ್ತಾದರೆ ಕಂಪ್ಯೂಟರಿಗೆ ಹೆದರಿಕೆ, ಸದಾ ತಡಮಾಡಿಯೇ ಕಿಡಿ ಕೊಡುತ್ತದೆ. ಅದಕ್ಕೇ ಗಾಡಿ ಎಳೆಯುವುದಿಲ್ಲ.

ಅಣ್ಣ ಪೂರ್ತಿ ಕೇಳಿಸಿಕೊಂಡ. “ಒಳ್ಳೆ ತಲೆ ಓಡ್ಸವ್ರೆ” ಎಂದ. ಅವನಿಗೆ ಹೊಟ್ಟೆಕಿಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಈಗ —

ಸೆನ್ಸರ್ ಕೂರುವ ಜಾಗ ಇಂಜಿನ್ನಿನ ಪಕ್ಕದಲ್ಲಿ, ಗಾಳಿ ಹೋಗುವ ಮ್ಯಾನಿಫೋಲ್ಡಿನ ಅಡಿಯಲ್ಲಿ. ಮ್ಯಾನಿಫೋಲ್ಡ್ ಇಳಿಸಲು ಮೂರು ಗಂಟೆ ಬೇಕು. ಇಳಿಸಿದೆ. ಹಳೆಯ ಸೆನ್ಸರ್ ಬಿರುಕು ಬಿಟ್ಟಿತ್ತು. ನೀರು ಇಳಿದು ಅದು ಕೂರುವ ಜಾಗ ತುಕ್ಕು ಹಿಡಿದು ಗುಳಿ ಬಿದ್ದಿತ್ತು. ಹೊಸದನ್ನು ಇಟ್ಟು ನೋಡಿದರೆ ಒಂದು ಕಡೆ ಅಲ್ಲಾಡುತ್ತಿತ್ತು. ಆ ಜಾಗವನ್ನು ನಯವಾಗಿ ಉಜ್ಜಿ, ಲೋಹಕ್ಕೆ ಲೋಹ ತಾಗುವ ಹಾಗೆ ಕೂರಿಸಿ, ಟಾರ್ಕ್ ರೆಂಚಿನಲ್ಲಿ ಹೇಳಿದ ಅಳತೆಗೆ ಬಿಗಿಯಬೇಕು. ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ನಾನು ಹಾಗೆ ಮಾಡಲಿಲ್ಲ. ಡಬ್ಬಿಯಿಂದ ಒಂದು ತೆಳು ವಾಷರ್ ತೆಗೆದು ಕೆಳಗೆ ಕೊಟ್ಟೆ. ಸೆನ್ಸರ್ ಅಲ್ಲಾಡದೆ ಕೂತಿತು. ಕೈ ಅಂದಾಜಿನಲ್ಲಿ ಬಿಗಿದೆ.

ಬೋಲ್ಟ್ ಎಂದರೆ ಅದರ ಕೆಳಗೆ ವಾಷರ್ ಇರಲೇಬೇಕು ಎಂದು ನನಗೆ ಮೊದಲ ವರ್ಷವೇ ಕಲಿಸಿದವನು ಅಣ್ಣ. ಲಾರಿ, ಟ್ರ್ಯಾಕ್ಟರಿನ ಕೆಲಸಕ್ಕೆ ಅದು ಸರಿಯಾದ ಪಾಠ. ಹೊಣೆಯನ್ನು ಅವನ ಮೇಲೆ ಹಾಕಲು ಇದನ್ನು ಬರೆಯುತ್ತಿಲ್ಲ. ಯಾಕೆಂದರೆ ಸೆನ್ಸರಿನ ಪೆಟ್ಟಿಗೆಯಲ್ಲಿ ಮಡಿಸಿದ ಒಂದು ಕಾಗದವಿತ್ತು, ಅದರಲ್ಲಿ ವಾಷರಿನ ಚಿತ್ರ ಬರೆದು ಅಡ್ಡಗೀಟು ಹೊಡೆದಿದ್ದರು. ಓದಲು ಬಾರದವನಿಗೂ ಅರ್ಥವಾಗುವ ಚಿತ್ರ. ನಾನು ಅದನ್ನು ನೋಡಿದ್ದೆ.

ಸಂಜೆ ನಾಲ್ಕರ ಹೊತ್ತಿಗೆ ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದೆ. ದೀಪ ಆರಿತು. ಸ್ಕ್ಯಾನರ್ ದೋಷವಿಲ್ಲ ಎಂದಿತು. ಅಣ್ಣನನ್ನು ಪಕ್ಕಕ್ಕೆ ಕೂರಿಸಿಕೊಂಡು ಕಳಲೆ ರಸ್ತೆಯಲ್ಲಿ ಓಡಿಸಿದೆ. ಗಾಡಿ ಹಾರುವ ಹಾಗೆ ಎಳೆಯಿತು — ಹೊಸದರಲ್ಲಿ ಹೇಗಿತ್ತೋ ಹಾಗೆ. ಮುಂದೆ ಒಂದು ಸಣ್ಣ ಏರು ಬರುತ್ತದೆ. ಮೂರನೇ ಗೇರಿನಲ್ಲಿ ಅದನ್ನು ಹತ್ತುವಾಗ ಅಣ್ಣ ಕೈ ಎತ್ತಿದ.

“ಎಕ್ಸಿಲೇಟರು ಬುಡು. ಕುಟ್ತಾ ಅದೆ.”

“ಎಲ್ಲಣ್ಣ?”

“ತಗಡಿನ ಡಬ್ಬಿವೊಳಗೆ ಎಸ್ರುಕಾಳು ಅಲ್ಲಾಡ್ದಂಗೆ. ಕೇಳ್ನಿಲ್ವಾ?”

ಕೇಳಿಸಿತ್ತು. ಬಹಳ ಸಣ್ಣಗೆ, ಏರಿನ ಕೊನೆಯಲ್ಲಿ ಎರಡು ಕ್ಷಣ. ಕೇಳಿಸಿದ ಕೂಡಲೇ ನನಗೆ ವಾಷರ್ ನೆನಪಾಯಿತು. ಇಂಜಿನ್ನಿನ ನಡುಕ ಹರಳಿಗೆ ತಲುಪುವ ದಾರಿಯಲ್ಲಿ ನಾನೇ ಒಂದು ಬಿಲ್ಲೆ ಇಟ್ಟಿದ್ದೆ. ತಂತಿ ಸರಿಯಾಗಿದೆ, ಕರೆಂಟು ಓಡುತ್ತಿದೆ, ಹಾಗಾಗಿ ಕಂಪ್ಯೂಟರಿಗೆ ಸೆನ್ಸರ್ ಬದುಕಿದೆ ಎಂದೇ ಲೆಕ್ಕ. ಅದಕ್ಕೆ ಹೆದರಿಕೆ ಹೋಗಿ ಪೂರ್ತಿ ಕಿಡಿ ಕೊಡುತ್ತಿತ್ತು. ಕುಟ್ಟಿದರೆ ಮಾತ್ರ ಗೊತ್ತಾಗುವುದಿಲ್ಲ. ಮೊದಲಿದ್ದ ಸತ್ತ ಸೆನ್ಸರಿಗಿಂತ ಇದು ಕೆಟ್ಟದ್ದು.

ಇಷ್ಟೆಲ್ಲ ಆಗಲೇ, ಆ ಏರಿನ ಮೇಲೆಯೇ, ನನ್ನ ತಲೆಯಲ್ಲಿ ಬಂದು ಹೋಯಿತು. “ನಂಗೇನೂ ಕೇಳ್ನಿಲ್ಲ” ಎಂದೆ.

ಗ್ಯಾರೇಜಿಗೆ ವಾಪಸು ಬಂದಾಗ ನಿಂಗರಾಜು ಕಾಯುತ್ತಿದ್ದ. ಮಾರನೆಯ ಬೆಳಿಗ್ಗೆ ಅವನಿಗೆ ಮದುವೆ ಬಾಡಿಗೆ ಇತ್ತು. ಸ್ಟ್ಯಾಂಡಿನ ಡ್ರೈವರುಗಳೂ ಸುತ್ತ ನಿಂತಿದ್ದರು. ಹೊಸ ಮಿಷನ್ನಿನಿಂದ ಕುಮಾರ ದೋಷ ಹಿಡಿದಿದ್ದಾನೆ ಎಂಬ ಸುದ್ದಿ ಅವರನ್ನು ಎಳೆದು ತಂದಿತ್ತು. ಅಣ್ಣ ಇಳಿದವನೇ ನಿಂಗರಾಜುವಿಗೆ ಅಂದ:

“ಗಾಡಿಯ ಇವತ್ತು ತಕಂಡೋಗ್ಬ್ಯಾಡ. ಇನ್ನೊಂದು ಸಲ ಬಿಚ್ಚಬೇಕು.”

“ಯಾಕಣ್ಣ, ಲೈಟ್ ಆರ್ತು ಅಂತನಲ್ಲ ಕುಮಾರ?”

“ಲೈಟು ಆರ್ತು. ಇಂಜಿನ್ನು ಕುಟ್ತಾ ಅದೆ.”

ಎಲ್ಲರೂ ನನ್ನ ಕಡೆ ತಿರುಗಿದರು. ಹೌದು ಎಂದರೆ ಮತ್ತೆ ಮೂರು ಗಂಟೆ, ಮತ್ತೆ ಮ್ಯಾನಿಫೋಲ್ಡ್, ಎಲ್ಲರೂ ನೋಡುತ್ತಿರುವಾಗ ಆ ವಾಷರ್ ಹೊರಗೆ ಬರುವುದು. ನಾನು ಸ್ಕ್ಯಾನರನ್ನು ಅವರಿಗೆ ಕಾಣುವ ಹಾಗೆ ಎತ್ತಿ ಹಿಡಿದು ಅಂದೆ:

“ನಿಂಗೆ ಕಿವಿ ಓಗದೆ ಕಣಣ್ಣ. ಮಿಷನ್ನು ಏನೂ ಇಲ್ಲ ಅಂತದೆ. ಸುಮ್ನೆ ಕೂತ್ಕೊ.”

ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ, ಸಲುಗೆಯಿಂದ. “ಅಂಗಾರೆ ಇನ್ಮೇಕೆ ರಾಚಣ್ಣನ ಮುಂದೆ ಗೇರು ಕಿರ್ ಅನ್ಸಿದ್ರೂ ಬೈಯಕ್ಕಿಲ್ಲ ಬುಡಿ” ಎಂದು ನಾಗೇಂದ್ರ ಅಂದ. ಅಣ್ಣನೂ ಸ್ವಲ್ಪ ನಕ್ಕ ಹಾಗೆ ಮಾಡಿದ. ಒಂದು ಸಲ ನನ್ನ ಮುಖ ನೋಡಿದ. ಸಿಟ್ಟಿನಿಂದಲ್ಲ — ನಾನು ಹೇಳಿದ್ದು ನಿಜವಿರಬಹುದೇ ಎಂದು ನೋಡಿದ. ಆ ನೋಟದ ಬಗ್ಗೆ ಇನ್ನೂ ಬರೆಯಬಹುದು. ಬರೆಯುವುದಿಲ್ಲ.

ನಿಂಗರಾಜು ಗಾಡಿ ತೆಗೆದುಕೊಂಡು ಹೋದ.

ಅದಾದ ಮೇಲೂ ಅಣ್ಣ ಕೆಲಸಕ್ಕೆ ಬರುತ್ತಿದ್ದ. ಒಂದು ವ್ಯತ್ಯಾಸವಾಗಿತ್ತು — ಸ್ಕ್ರೂಡ್ರೈವರ್ ಹಿಡಿದು ಕೇಳಿದ ಮೇಲೆ ಮೊದಲಿನ ಹಾಗೆ ಹೇಳಿಬಿಡುತ್ತಿರಲಿಲ್ಲ. ಗಾಡಿಯವನನ್ನೋ ನನ್ನನ್ನೋ ಕರೆದು, “ಇಲ್ಲೊಸಿ ಕೇಳಿ, ಏನಾರ ಸದ್ದು ಬತ್ತಾ?” ಎಂದು ಕೇಳುತ್ತಿದ್ದ. ಸ್ಟ್ಯಾಂಡಿನವರು ಯಾವುದಕ್ಕಾದರೂ ಅವನು ಓಗೊಡುವುದು ತಡವಾದರೆ, “ಮಿಷನ್ ತಕಬನ್ನಿ, ರಾಚಣ್ಣಂಗೆ ಆಕ್ ನೋಡವ” ಎನ್ನುವರು. ಅದು ಅವರಿಗೆ ಹೊಸ ಆಟವಾಗಿತ್ತು. ನಿಲ್ಲಿಸಿ ಎನ್ನಲು ನನಗೆ ಒಂದು ಮಾತು ಸಾಕಿತ್ತು.

ಒಂದೂವರೆ ತಿಂಗಳಾಗಿತ್ತು. ಅಣ್ಣ ಅತ್ತಿಗೆ ಇಬ್ಬರೂ ಅತ್ತಿಗೆಯ ತವರು ಹೆಮ್ಮಿಗೆಗೆ, ಅವರ ತಮ್ಮನ ಮನೆ ಒಕ್ಕಲಿಗೆ ಹೋಗಿದ್ದರು. ಆ ವಾರ ನಿಂಗರಾಜುವಿನ ಗಾಡಿಯನ್ನು ಹಗ್ಗ ಕಟ್ಟಿ ಎಳೆದು ತಂದರು. ಬೆಟ್ಟದ ತಿರುವಿನಲ್ಲಿ ನಿಂತುಹೋಗಿತ್ತು. ನಾನೊಬ್ಬನೇ ಇಂಜಿನ್ ಬಿಚ್ಚಿದೆ. ಮೂರನೇ ಪಿಸ್ಟನ್ನಿನ ತಲೆ ಉಳಿಯಿಂದ ಕೊಚ್ಚಿದ ಹಾಗೆ ತೂತುತೂತಾಗಿತ್ತು, ರಿಂಗ್ ಕೂರುವ ಅಂಚು ಒಡೆದಿತ್ತು. ತಿಂಗಳುಗಟ್ಟಲೆ ಕುಟ್ಟಿಸಿಕೊಂಡ ಪಿಸ್ಟನ್ ಹೇಗಿರುತ್ತದೆ ಎಂದು ತರಬೇತಿಯಲ್ಲಿ ಚಿತ್ರ ತೋರಿಸಿದ್ದರು, ಹಾಗೇ ಇತ್ತು. ಸೆನ್ಸರ್ ಬಿಚ್ಚಿದೆ. ವಾಷರ್ ತೆಗೆದು ಎಸೆದೆ. ಜಾಗವನ್ನು ಉಜ್ಜಿದೆ, ಕನ್ನಡಿಯ ಹಾಗೆ. ಟಾರ್ಕ್ ರೆಂಚಿನಲ್ಲಿ ಬಿಗಿದೆ. ಎಲ್ಲವನ್ನೂ ಸರಿಯಾಗಿ, ಯಾರೂ ನೋಡದಿರುವಾಗ.

ಪೆಟ್ರೋಲು ಕಲಬೆರಕೆ ಎಂದು ನಿಂಗರಾಜುವಿಗೆ ಹೇಳಿದೆ. ಅವನು ಹೋಗಿ ಯಾವುದೋ ಬಂಕಿನವನ ಜೊತೆ ಜಗಳವಾಡಿ ಬಂದ.

ಅಣ್ಣ ಹೆಮ್ಮಿಗೆಯಿಂದ ಬಂದ ದಿನ ಗ್ಯಾರೇಜಿನಲ್ಲಿ ನಾವಿಬ್ಬರೇ ಇದ್ದೆವು. ಅಂಗಿ ಕಳಚಿ ಮೊಳೆಗೆ ಸಿಕ್ಕಿಸುತ್ತ ಕೇಳಿದ:

“ನಿಂಗರಾಜನ ಇಂಜಿನ್ನು ಓಯ್ತಂತೆ?”

“ಊಂ. ಪೆಟ್ರೋಲು ಸರಿ ಇರ್ನಿಲ್ಲ.”

“ಪಿಸ್ಟನ್ನು ನೋಡ್ದಾ? ಕುಟ್ಟಿತ್ತಾ?”

ಹೊರಗೆ ಯಾರೂ ಇರಲಿಲ್ಲ. ನಗುವವರು ಇರಲಿಲ್ಲ. ಬೆಳಿಗ್ಗೆ ಹತ್ತು ಗಂಟೆಯ ಬಿಸಿಲು, ಅವನೂ ನಾನೂ. ಮೊದಲ ಸುಳ್ಳಿಗೆ ಜನರಿದ್ದರು, ಅವಸರವಿತ್ತು ಎಂದಾದರೂ ಹೇಳಬಹುದು. ಇದಕ್ಕೆ ಹಾಗೆ ಹೇಳಲು ಏನೂ ಇಲ್ಲ.

“ಇಲ್ಲ” ಎಂದೆ.

ಅಣ್ಣ ಮೊಳೆಯ ಮೇಲಿನ ಅಂಗಿಯನ್ನು ಸರಿಮಾಡಿದ. “ಅಂಗಾರೆ ನಂಗೇ ಅಂಗೆ ಕೇಳ್ಸ್ತೇನೋ” ಎಂದ. ಅಷ್ಟೇ.

ಮಳೆಗಾಲದ ಹೊತ್ತಿಗೆ ಅವನು ಗ್ಯಾರೇಜನ್ನು ನನ್ನ ಹೆಸರಿಗೆ ಬಿಟ್ಟ. ಯಾಕೆ ಎಂದು ಕೇಳಿದ್ದಕ್ಕೆ, “ಸದ್ದು ಗೊತ್ತಾಗ್ದಿರೋನು ಇಂಜಿನ್ನು ಮುಟ್ಟಬಾರ್ದು ಕಣ್ಲಾ. ಬ್ರೇಕ್ ಕೆಲ್ಸದಲ್ಲಿ ಎಲ್ಲಾರ ಎಚ್ಚುಕಮ್ಮಿ ಆದ್ರೆ ಜನ ಸಾಯ್ತರೆ” ಎಂದ. ನಾನು ಆಗಲೂ — ಇಲ್ಲ. ಆಗಲೂ ಹೇಳಲಿಲ್ಲ. ಬೇಡ ಅಣ್ಣ, ಇರು ಎಂದೆ. ಅದು ಹೇಳಿದ ಹಾಗಲ್ಲ.

ತಿ. ನರಸೀಪುರದಲ್ಲಿ ಅತ್ತಿಗೆಗೆ ಹಾಸ್ಟೆಲಿನ ಅಡುಗೆ ಕೆಲಸ ಸಿಕ್ಕಿತ್ತು. ಅಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಮಾಡಿದರು. ಅಣ್ಣ ಬಸ್ ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ ಇಟ್ಟ. ಟ್ಯೂಬನ್ನು ನೀರಿನ ತೊಟ್ಟಿಗೆ ಅದ್ದಿದರೆ ತೂತು ಇರುವ ಕಡೆ ಗುಳ್ಳೆ ಏಳುತ್ತದೆ. ಕಣ್ಣಿದ್ದರೆ ಸಾಕು, ಕೇಳಬೇಕಾದ್ದು ಏನೂ ಇಲ್ಲ. ಸ್ವಂತ ಗ್ಯಾರೇಜಿನಲ್ಲೇ ಇಪ್ಪತ್ತೆರಡು ವರ್ಷ ಇಂಜಿನ್ ಕೇಳಿದವನು ನಾಲ್ಕು ವರ್ಷಕ್ಕೂ ಹೆಚ್ಚು ನೀರಿನಲ್ಲಿ ಗುಳ್ಳೆ ನೋಡುತ್ತ ಕೂತ. ಕೆಲಸದ ಮೇಲೆ ಆ ಕಡೆ ಹೋದಾಗ ನಾನು ನಿಂತು ಮಾತಾಡಿಸುತ್ತಿದ್ದೆ. ಟೀ ತರಿಸುತ್ತಿದ್ದ. ಗ್ಯಾರೇಜು ಹೇಗಿದೆ, ಹೊಸದಾಗಿ ಯಾವ ಗಾಡಿ ಬಂದಿದೆ ಎಂದು ಕೇಳುತ್ತಿದ್ದ. ಹೊರಡುವಾಗ ನನ್ನ ಬೈಕಿನ ಸದ್ದಿಗೆ ಅವನ ತಲೆ ಒಂದಿಷ್ಟು ವಾಲುತ್ತಿತ್ತು, ಹಳೆಯ ಅಭ್ಯಾಸ. ಏನೋ ಹೇಳಲು ಬಾಯಿ ತೆರೆದು ಸುಮ್ಮನಾಗುತ್ತಿದ್ದ. ಒಮ್ಮೆ ಚೈನು ಸಡಿಲವಾಗಿದ್ದದ್ದು ನನಗೆ ಮನೆಗೆ ಬಂದ ಮೇಲೆ ತಿಳಿಯಿತು.

ಎರಡು ತಿಂಗಳ ಹಿಂದೆ ಎದೆನೋವು ಬಂತು. ಮೈಸೂರಿನ ಆಸ್ಪತ್ರೆಗೆ ಸೇರಿಸಿದ ಎರಡನೇ ದಿನ ಹೋದ. ಐವತ್ತೇಳು ವರ್ಷ. ನಾನು ಮಾಡಿದ್ದಕ್ಕೂ ಅವನ ಸಾವಿಗೂ ಸಂಬಂಧವಿಲ್ಲ. ಇದೆ ಎಂದು ಬರೆದರೆ ನನ್ನನ್ನು ನಾನೇ ದೊಡ್ಡದು ಮಾಡಿಕೊಂಡ ಹಾಗಾಗುತ್ತದೆ. ಆಸ್ಪತ್ರೆಯಲ್ಲಿ ಅವನ ಪಕ್ಕ ಅರ್ಧ ದಿನ ಕೂತಿದ್ದೆ. ಎಚ್ಚರವಿತ್ತು, ಮಾತಾಡುತ್ತಿದ್ದ. ಆಗ ಹೇಳಬಹುದಿತ್ತು. ಗುಣವಾಗಿ ಮನೆಗೆ ಬರಲಿ, ಆಮೇಲೆ ನೋಡೋಣ ಎಂದುಕೊಂಡೆ.

ಹನ್ನೊಂದನೇ ದಿನ ತಿ. ನರಸೀಪುರದ ಮನೆಯಲ್ಲಿ ಬುದ್ಧನ ಪಟದ ಪಕ್ಕದಲ್ಲಿ ಅಣ್ಣನ ಪಟ ಇಟ್ಟಿದ್ದರು. ಊಟವಾದ ಮೇಲೆ ಬಂದವರೆಲ್ಲ ಹೊರಟರು. ಅತ್ತಿಗೆ ಸಾಕಮ್ಮ ಬಾಗಿಲ ಬಳಿ ಕೂತು ಪಕ್ಕದ ಮನೆಯವರ ಹತ್ತಿರ ಮಾತಾಡುತ್ತಿದ್ದರು.

“ಕಿವಿ ಕೇಳಕ್ಕಿಲ್ಲ ಅನ್ನೋದೊಂದು ತಲೇಲಿ ಕೂತ್ಬುಟ್ಟಿತ್ತು ಕಣವ್ವ. ಕುಕ್ಕರು ಮೂರು ಸಲ ಕೂಗಿದ್ರೂ ನನ್ ಕೇಳೋರು, ಕೂಗ್ತಾ ಅಂತ. ಬಾಗ್ಲು ಬಡುದ್ರೆ, ಯಾರೋ ಬಡುದಂಗಾಯ್ತು ಅಲ್ವಾ ಅಂತ. ಕೇಳ್ಸಿರದು, ಆದ್ರೂ ಕೇಳೋರು. ನಾನು ಆಸ್ಟೆಲಿಂದ ಬರೋವಾಗ ಬೀದಿ ತುದೀಲಿ ನನ್ ಚಪ್ಲಿ ಸದ್ದು ಕೇಳಿ ಇಲ್ಲಿ ಬಾಗ್ಲು ತೆಗ್ಯೋರು. ಕಿವಿ ಓಗಿರೋರು ಅಂಗೆ ತೆಗೀತರಾ?”

ನಾನು ಎಲೆ ಎತ್ತುತ್ತಿದ್ದೆ. ಎತ್ತಿ ಮುಗಿಸಿ ಊರಿಗೆ ಬಂದೆ. ಮೂರು ವಾರ ಕೆಲಸ ಮಾಡಿದೆ. ಆ ಮೂರು ವಾರದಲ್ಲಿ ಒಂದು ನಾಕ್ ಸೆನ್ಸರ್ ಬದಲಾಯಿಸುವ ಕೆಲಸವೂ ಬಂತು. ಇತ್ತೀಚೆಗೆ ಅಂಥವು ಬೇಕಾದಷ್ಟು ಬರುತ್ತವೆ, ನಾನು ಅವನ್ನು ಸರಿಯಾಗಿಯೇ ಮಾಡುತ್ತೇನೆ. ಈಚೆಗೆ ಪಕ್ಕದ ಗ್ಯಾರೇಜಿನವರು ಅದಕ್ಕೆಂದೇ ನನ್ನ ಹತ್ತಿರ ಕಳಿಸುತ್ತಾರೆ. ಕುಮಾರನ ಕೈ ಅದಕ್ಕೆ ಚೆನ್ನಾಗಿದೆ ಎನ್ನುತ್ತಾರೆ. ಆ ದಿನ ಕೆಲಸ ಮುಗಿಸಿ ಕೈ ತೊಳೆದುಕೊಂಡು ನೇರ ತಿ. ನರಸೀಪುರದ ಬಸ್ಸು ಹತ್ತಿದೆ.

ಅತ್ತಿಗೆ ಸೊಪ್ಪು ಸೋಸುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ. ವಾಷರ್, ಏರಿನ ಮೇಲೆ ನನಗೂ ಕೇಳಿಸಿದ್ದು, ಸ್ಟ್ಯಾಂಡಿನವರ ಮುಂದೆ ಅಂದದ್ದು, ತೂತು ಬಿದ್ದ ಪಿಸ್ಟನ್, ಕೊನೆಗೆ ‘ಇಲ್ಲ’ ಎಂದದ್ದು. ಅವರು ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ. ಬೈಯುತ್ತಾರೆ ಎಂದುಕೊಂಡಿದ್ದೆ. ಅಳುತ್ತಾರೆ ಎಂದುಕೊಂಡಿದ್ದೆ. ಮುಗಿದ ಮೇಲೆ ಅಂದರು:

“ನಂಗ್ಯಾಕಪ್ಪ ಯೋಳ್ತಿದ್ದಿಯೆ. ನಿಮ್ ಕಿವಿ ಚಂದಾಗದೆ ಅಂತ ನಾನು ನಾಕು ವರ್ಸ ಯೋಳ್ದಿ. ಕೇಳ್ನಿಲ್ಲ ಅವ್ರು. ನಿಂಗೇನು ಗೊತ್ತು ಸುಮ್ಕಿರು, ಕುಮಾರ ಓದ್ದೋನು, ಮಿಷನ್ ಆಕಿ ನೋಡ್ದೋನು, ಅವನ್ಯಾಕೆ ಸುಳ್ ಯೋಳನು ಅನ್ನೋರು.”

ಬುಟ್ಟಿ ಎತ್ತಿಕೊಂಡು ಒಳಗೆ ಹೋಗುತ್ತ, “ಯಾರ್ ಮುಂದೆ ಅಂದೋ ಅವ್ರ ಮುಂದೆ ಯೋಳೋಗು” ಎಂದರು. ಊಟಕ್ಕೆ ಏಳು ಎನ್ನಲಿಲ್ಲ. ಅವರ ಮನೆಗೆ ಹೋಗಿ ಊಟ ಮಾಡದೆ ಬಂದದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆ ಸ್ಟ್ಯಾಂಡಿಗೆ ಹೋದೆ. ರಸ್ತೆ ದಾಟಿದರೆ ಸಾಕು, ಇಪ್ಪತ್ತು ಹೆಜ್ಜೆ. ನಾಗೇಂದ್ರ ಇದ್ದ, ಅಂದು ನಕ್ಕವರಲ್ಲಿ ಇನ್ನಿಬ್ಬರಿದ್ದರು. ಅವರಲ್ಲೊಬ್ಬ ನಿಂಗರಾಜುವಿಗೂ ಫೋನು ಮಾಡಿ ಕರೆಸಿದ. ನಿಂತೇ ಹೇಳಿದೆ. ನಡುವೆ ನಾಗೇಂದ್ರ, “ಈಗ ಯಾಕ್ ಇದೆಲ್ಲ ಕುಮಾರ, ಓಗೋನು ಓಗ್ಬುಟ್ಟ” ಎಂದ. ನಾನು ನಿಲ್ಲಿಸದೆ ಪೂರ್ತಿ ಹೇಳಿದೆ.

ನಿಂಗರಾಜು ಮೊದಲು ಅಂದದ್ದು, “ಅಂಗಾರೆ ಆ ಬಂಕಿನೋನ್ನ ನಾನು ಸುಮ್ಸುಮ್ನೆ ಬೈದ್ನಾ?” ಎಂದು. ಯಾರೂ ನಗಲಿಲ್ಲ. ಆಮೇಲೆ ಅವನು ಗಾಡಿಗೆ ಒರಗಿಕೊಂಡು ನಿಧಾನವಾಗಿ ಹೇಳಿದ:

“ಇಂಜಿನ್ ಮಾತು ಬುಡು, ಅದ ಇನ್ನೊಂದಿನ ಆಡವ. ಅವತ್ತು ಗಾಡಿ ತಿರುಗ್ಸೋವಾಗ ರಾಚಣ್ಣ ಹಿಂದ್ಗುಂಟ ಬಂದಿದ್ದ ಕಣೋ. ನೀನು ವೊಳ್ಗಿದ್ದೆ. ಕಿಟಕಿ ತಾವ ಬಗ್ಗಿ, ನಿಂಗರಾಜ, ಬೆಟ್ಟದಲ್ಲಿ ದೊಡ್ ಗೇರಲ್ಲಿ ಎಳೀಬ್ಯಾಡ, ಒಂದು ಗೇರು ಇಳಿಸ್ಕಂಡೇ ಓಗು, ನನ್ ಕಿವಿ ತಪ್ಪಿರಬೋದು, ಆದ್ರೂ ಓಗು ಅಂದ. ನಾನ್ ಇಂಗಂದೆ ಅಂತ ಕುಮಾರಂಗೆ ಯೋಳ್ಬ್ಯಾಡ, ಬೇಜಾರ್ ಮಾಡ್ಕತನೆ ಅಂತಾನೂ ಅಂದ. ನಾನೇ ಕೇಳ್ನಿಲ್ಲ. ಕಿವಿ ಓಗದೆ ಅಂತ ನೀನೇ ಅಂದಿದ್ದೆಲ್ಲ.”

ಮೈಸೂರಿಗೆ ಹೋಗುವವರು ನಾಲ್ಕು ಜನ ಬಂದು ಬಾಡಿಗೆ ಕೇಳಿದರು. ನಿಂಗರಾಜು ಬಾಗಿಲು ತೆಗೆದು ಅವರನ್ನು ಕೂರಿಸಿಕೊಂಡು ಹೋದ. ಉಳಿದವರು ಅವರವರ ಗಾಡಿಗೆ ಹೋದರು. ನಾಗೇಂದ್ರ ಮಾತ್ರ ಇನ್ನೂ ಸ್ವಲ್ಪ ಹೊತ್ತು ನನ್ನ ಪಕ್ಕ ನಿಂತಿದ್ದ.

ಅಂದು ನಮ್ಮ ಗ್ಯಾರೇಜಿನಲ್ಲಿ ನಿಂತು ಕೇಳಿದವರು ಏಳು ಜನ. ನೆನಪು ಮಾಡಿಕೊಂಡು ಎಣಿಸಿದ್ದೇನೆ. ನಾಲ್ವರಿಗೆ ಈಗ ನಿಜ ಗೊತ್ತು. ಐದನೆಯವನು ಗಾಡಿ ಬಿಟ್ಟು ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ, ಆರನೆಯವನು ಮೈಸೂರಿನಲ್ಲಿ ಆಟೋ. ಈ ತಿಂಗಳೊಳಗೆ ಇಬ್ಬರನ್ನೂ ಹುಡುಕಿ ಹೋಗಿ ಹೇಳುತ್ತೇನೆ. ಏಳನೆಯವನು ಯಾರೆಂದು ನನಗೆ ಗೊತ್ತಿಲ್ಲ. ಎಲ್ಲಿಗೋ ಹೋಗುತ್ತಿದ್ದವನು, ರೇಡಿಯೇಟರಿಗೆ ನೀರು ಕೇಳಲು ಬಂದು ನಿಂತಿದ್ದ. ಅವನೂ ನಕ್ಕಿದ್ದ. ನೀರು ತುಂಬಿಸಿಕೊಂಡು ತನ್ನ ದಾರಿ ಹಿಡಿದು ಹೋದ. ಅವನು ಎಲ್ಲಿದ್ದಾನೋ, ಅವನ ಮಟ್ಟಿಗೆ ನಂಜನಗೂಡಿನ ಆ ಗ್ಯಾರೇಜಿನಲ್ಲಿ ಇಂದಿಗೂ ಕಿವಿ ಹೋದ ಒಬ್ಬ ಮೆಕ್ಯಾನಿಕ್ ಇದ್ದಾನೆ.